ಹಳೆಯ ಕಂಪ್ಯೂಟರಿಗೆ ಕಾವಲುಗಾರನ ಕೆಲಸ

ಮೂಲೆಯಲ್ಲಿ ಹಳೆಯ ಬೆಡ್‌ಶೀಟು ಹೊದ್ದು ಕುಳಿತ ಕಂಪ್ಯೂಟರ್ ಇಂದು ಎಷ್ಟೋ ಮನೆಗಳಲ್ಲಿದೆ. ಅದು ಕೆಟ್ಟಿಲ್ಲ, ಆದರೆ ಯಾರೂ ಮುಟ್ಟುವುದಿಲ್ಲ. ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದ ಮೇಲೆ ಇಂಥ ಯಂತ್ರಗಳಿಗೆ ಗುಜರಿ ಅಂಗಡಿಯ ದಾರಿ ಇನ್ನೂ ಹತ್ತಿರವಾಗಿದೆ. ಆದರೆ ಎಸೆಯುವ ಮುನ್ನ ಒಂದು ಪ್ರಶ್ನೆ ಕೇಳಬಹುದು. ನಾಲ್ಕು ಕೋರ್‌ಗಳಿರುವ ಈ ಯಂತ್ರ ಮನೆ ಕಾಯಬಲ್ಲದೇ? ಕಾಯಬಲ್ಲದು. ಎಷ್ಟರಮಟ್ಟಿಗೆ ಎಂಬುದನ್ನು ಹೈಸ್ಕೂಲಿನ ಗಣಿತದಿಂದಲೇ ತಿಳಿಯಬಹುದು.

ಕಳ್ಳತನದಿಂದ ಹುಟ್ಟಿದ ತಂತ್ರಾಂಶ

ಫಿಲಿಪ್ ಕೂಂಬ್ಸ್ ಎಂಬ ಪ್ರೋಗ್ರಾಮರ್ ಮನೆಯ ಗ್ಯಾರೇಜಿಗೆ ಒಮ್ಮೆ ಕಳ್ಳರು ನುಗ್ಗಿ ವಿದ್ಯುತ್ ಉಪಕರಣಗಳನ್ನು ಕದ್ದೊಯ್ದರು. ದಾರಿಯತ್ತ ಒಂದು ಕ್ಯಾಮೆರಾ ಇದ್ದಿದ್ದರೆ ಎಂದು ಅವರಿಗೆ ಅನ್ನಿಸಿತು. ಮಾರುಕಟ್ಟೆಯ ತಂತ್ರಾಂಶಗಳು ಒಪ್ಪಿಗೆಯಾಗದೆ ತಾವೇ ಒಂದನ್ನು ಬರೆದರು. ಈ ಶತಮಾನದ ಆರಂಭದಲ್ಲಿ ಹುಟ್ಟಿದ ಆ ಝೋನ್‌ಮೈಂಡರ್, ಲಿನಕ್ಸ್ ಮೇಲೆ ಓಡುವ ಉಚಿತ ಮುಕ್ತ ತಂತ್ರಾಂಶವಾಗಿ ಬೆಳೆಯಿತು. ಅದರ ಒಳಗನ್ನು ಯಾರು ಬೇಕಾದರೂ ತೆರೆದು ಓದಬಹುದು. ಕಲಿಯುವ ಮಕ್ಕಳಿಗೆ ಇದೇ ದೊಡ್ಡ ಲಾಭ.

ಚಲನೆ ಎಂದರೆ ಕಳೆಯುವ ಲೆಕ್ಕ

ಕಂಪ್ಯೂಟರಿಗೆ ಕಳ್ಳ ಯಾರು, ಬೆಕ್ಕು ಯಾವುದು ಎಂದು ತಿಳಿಯದು. ಅದಕ್ಕೆ ಚಿತ್ರವೆಂದರೆ ಅಂಕಿಗಳ ಚೌಕಟ್ಟು. ಕಪ್ಪು ಬಿಳುಪು ಚಿತ್ರದಲ್ಲಿ ಪ್ರತಿ ಬಿಂದುವಿಗೂ 0ಯಿಂದ 255ರವರೆಗಿನ ಒಂದು ಬೆಲೆ. 0 ಎಂದರೆ ಅಚ್ಚ ಕಪ್ಪು, 255 ಎಂದರೆ ಅಚ್ಚ ಬಿಳಿ. ಹೊಸ ಚಿತ್ರದ ಪ್ರತಿ ಬಿಂದುವಿನ ಬೆಲೆಯಿಂದ ಹಿಂದಿನ ಚಿತ್ರದ ಅದೇ ಬಿಂದುವಿನ ಬೆಲೆಯನ್ನು ಕಳೆಯಿರಿ. ವ್ಯತ್ಯಾಸ ದೊಡ್ಡದಿರುವ ಬಿಂದುಗಳು ಸಾಕಷ್ಟು ಇದ್ದರೆ ಅಲ್ಲೇನೋ ಅಲುಗಿದೆ ಎಂದು ಅರ್ಥ. ಕಾವಲಿನ ಗುಟ್ಟು ಇಷ್ಟೇ.

ಗಾಳಿಗೆ ತೂಗುವ ತೆಂಗಿನ ಗರಿ, ಮಸೂರದ ಮುಂದೆ ಬಲೆ ನೇಯುವ ಜೇಡ, ರಸ್ತೆಯ ವಾಹನದ ಬೆಳಕು, ಇವೆಲ್ಲವೂ ಅದಕ್ಕೆ ಚಲನೆಯೇ. ಆದ್ದರಿಂದ ಚಿತ್ರದಲ್ಲಿ ಬಾಗಿಲು, ಗೇಟು ಇರುವ ವಲಯವನ್ನಷ್ಟೇ ಗುರುತು ಮಾಡಿ, ಉಳಿದದ್ದನ್ನು ನೋಡಬೇಡ ಎಂದು ಹೇಳುವ ಅನುಕೂಲ ಇಟ್ಟಿದ್ದಾರೆ. ಝೋನ್ ಎಂಬ ಹೆಸರು ಬಂದದ್ದೂ ಹೀಗೆ.

ಹೊರೆ ಎಷ್ಟು?

ಇಂದಿನ ಸಾಧಾರಣ ಕ್ಯಾಮೆರಾದ ಒಂದು ಚಿತ್ರ 1920 ಬಿಂದು ಅಗಲ, 1080 ಬಿಂದು ಎತ್ತರ. ಗುಣಿಸಿದರೆ 20,73,600 ಬಿಂದುಗಳು. ಬಣ್ಣಕ್ಕಾಗಿ ಬಿಂದುವಿಗೆ 3 ಬೈಟ್ ಎಂದರೆ ಒಂದು ಚಿತ್ರಕ್ಕೆ ಸುಮಾರು 6.2 ಎಂಬಿ. ಸೆಕೆಂಡಿಗೆ 25 ಚಿತ್ರಗಳಾದರೆ ಸುಮಾರು 155 ಎಂಬಿ! ಇದನ್ನು ಹಾಗೆಯೇ ಕಳಿಸಲಾಗದೆಂದು ಕ್ಯಾಮೆರಾ ಚಿತ್ರವನ್ನು ಎಚ್.264 ಎಂಬ ವಿಧಾನದಲ್ಲಿ ಮಡಚಿ ಕಳಿಸುತ್ತದೆ. ಮಡಚಿದ್ದನ್ನು ಬಿಚ್ಚುವ ಶ್ರಮ ಕಂಪ್ಯೂಟರಿನ ಪಾಲಿಗೆ. ನಾಲ್ಕು ಕ್ಯಾಮೆರಾಗಳಿದ್ದರೆ ನಾಲ್ಕರಷ್ಟು ಶ್ರಮ.

ಇಲ್ಲಿಯೇ ಹಲವು ಕೋರ್‌ಗಳ ಉಪಯೋಗ. ಗಡಿಯಾರದ ವೇಗ ಹೆಚ್ಚಿಸುತ್ತಲೇ ಬಂದ ಚಿಪ್ ತಯಾರಕರಿಗೆ 2004ರ ಹೊತ್ತಿಗೆ ಶಾಖ ಅಡ್ಡಬಂತು. ಪೆಂಟಿಯಂ 4 ಚಿಪ್ 3.8 ಗಿಗಾಹರ್ಟ್ಸ್‌ನಲ್ಲಿ ನಿಂತಿತು. ಆಗ ಒಬ್ಬನನ್ನೇ ಓಡಿಸುವ ಬದಲು ಹಲವರನ್ನು ದುಡಿಸುವ ದಾರಿ ಹಿಡಿದರು. 2007ರ ಜನವರಿಯಲ್ಲಿ ಬಂದ ಇಂಟೆಲ್ ಕೋರ್ 2 ಕ್ವಾಡ್ ಕ್ಯೂ6600ರ ವೇಗ 2.4 ಗಿಗಾಹರ್ಟ್ಸ್ ಮಾತ್ರ, ಆದರೆ ಕೋರ್‌ಗಳು ನಾಲ್ಕು.

ಮದುವೆ ಮನೆಯ ಅಡುಗೆಯನ್ನು ನೆನೆಯಿರಿ. ನಾಲ್ವರು ಭಟ್ಟರಿದ್ದರೆ ಒಬ್ಬರು ಅನ್ನ, ಒಬ್ಬರು ಸಾರು, ಒಬ್ಬರು ಪಲ್ಯ, ಒಬ್ಬರು ಪಾಯಸ ನೋಡಿಕೊಳ್ಳಬಹುದು. ಒಂದೇ ಹೋಳಿಗೆಯನ್ನು ನಾಲ್ವರು ಸೇರಿ ಮಗುಚಿದರೆ ಅದು ಬೇಗ ಬೇಯುವುದಿಲ್ಲ. ಜೀನ್ ಆಮ್‌ಡಾಲ್ 1967ರಲ್ಲಿ ಮುಂದಿಟ್ಟ ನಿಯಮದ ಸಾರವೂ ಇದೇ. ಕೆಲಸದ 10ನೇ 1 ಭಾಗ ಹಂಚಲಾಗದ್ದಾದರೆ ನಾಲ್ಕು ಕೋರ್‌ಗಳಿಂದ ಸಿಗುವ ವೇಗ ನಾಲ್ಕು ಪಟ್ಟಲ್ಲ, ಸುಮಾರು ಮೂರು ಪಟ್ಟು. ಕ್ಯಾಮೆರಾ ಕೆಲಸ ಮಾತ್ರ ಹಂಚಲು ಹೇಳಿ ಮಾಡಿಸಿದ್ದು. ಒಂದು ಕ್ಯಾಮೆರಾದ ಲೆಕ್ಕಕ್ಕೂ ಇನ್ನೊಂದರ ಲೆಕ್ಕಕ್ಕೂ ಸಂಬಂಧವಿಲ್ಲ. ಝೋನ್‌ಮೈಂಡರ್ ಪ್ರತಿ ಕ್ಯಾಮೆರಾಕ್ಕೂ ಬೇರೆ ಬೇರೆ ಪ್ರಕ್ರಿಯೆ ಓಡಿಸುವುದರಿಂದ ಲಿನಕ್ಸ್ ಅವನ್ನು ಕೋರ್‌ಗಳಿಗೆ ಹಂಚಿಬಿಡುತ್ತದೆ.

ಹೊರೆ ಇಳಿಸುವ ಉಪಾಯ

ಆದರೂ ಹಳೆಯ ಎತ್ತಿಗೆ ಹೆಚ್ಚು ಹೇರು ಸಲ್ಲದು. ಬಹಳಷ್ಟು ಕ್ಯಾಮೆರಾಗಳು ದೊಡ್ಡ ಚಿತ್ರದ ಜತೆಗೆ ಸಣ್ಣ ಚಿತ್ರದ ಇನ್ನೊಂದು ಹೊನಲನ್ನೂ ಕೊಡುತ್ತವೆ. 640 ಮತ್ತು 360ರ ಆ ಚಿತ್ರದಲ್ಲಿ 2,30,400 ಬಿಂದುಗಳಿವೆ, ಅಂದರೆ ದೊಡ್ಡದರ 9ನೇ 1 ಭಾಗ. ಸೆಕೆಂಡಿಗೆ 25ರ ಬದಲು 5 ಚಿತ್ರ ಸಾಕೆಂದರೆ ಮತ್ತೆ 5ನೇ 1 ಭಾಗ. ಅಲ್ಲಿಗೆ ಪರೀಕ್ಷಿಸಬೇಕಾದ ಬಿಂದುಗಳು 45ನೇ 1 ಭಾಗಕ್ಕೆ ಇಳಿದವು. ಗೇಟು ದಾಟುವ ಮನುಷ್ಯ ಸೆಕೆಂಡಿನ 5ನೇ 1 ಭಾಗದಲ್ಲಿ ಮಾಯವಾಗಲಾರ. ದೊಡ್ಡ ಚಿತ್ರವನ್ನು ಬಿಚ್ಚದೆ, ಮಡಚಿದಂತೆಯೇ ಡಿಸ್ಕಿಗೆ ಬರೆದರಾಯಿತು. ಎಚ್.265 ಬಿಚ್ಚುವುದು ಇನ್ನೂ ಕಷ್ಟ. ಹಳೆಯ ಯಂತ್ರವಿದ್ದರೆ ಕ್ಯಾಮೆರಾದಲ್ಲಿ ಎಚ್.264 ಆರಿಸುವುದು ಜಾಣತನ.

ಡಿಸ್ಕಿನ ಲೆಕ್ಕವೂ ಸುಲಭ. ಸೆಕೆಂಡಿಗೆ 2 ಮೆಗಾಬಿಟ್ ಎಂದರೆ ದಿನಕ್ಕೆ 21.6 ಜಿಬಿ. ನಾಲ್ಕು ಕ್ಯಾಮೆರಾಕ್ಕೆ 86.4 ಜಿಬಿ. 1000 ಜಿಬಿಯ ಡಿಸ್ಕು ಹನ್ನೊಂದೂವರೆ ದಿನದಲ್ಲಿ ತುಂಬುತ್ತದೆ. ಆಮೇಲೆ ಹಳೆಯದು ಅಳಿಯುತ್ತಾ ಹೋಗುವಂತೆ ಮಾಡಬೇಕು.

ಮಿತಿಗಳೂ ಇವೆ

ಮನುಷ್ಯನೋ ನಾಯಿಯೋ ಎಂದು ಗುರುತಿಸುವ ಕೃತಕ ಬುದ್ಧಿಮತ್ತೆ ಬೇಕೆಂದರೆ ತೊಡಕುಂಟು. 2018ರಿಂದ ಟೆನ್ಸರ್‌ಫ್ಲೋದ ಸಿದ್ಧ ಆವೃತ್ತಿಗಳು ಎವಿಎಕ್ಸ್ ಎಂಬ ಆದೇಶಗಳನ್ನು ಬೇಡುತ್ತವೆ. 2011ಕ್ಕೆ ಮುಂಚಿನ ಚಿಪ್‌ಗಳಲ್ಲಿ ಅವು ಇಲ್ಲ. ಎರಡನೆಯದು ವಿದ್ಯುತ್ತು. ಯಂತ್ರ 100 ವಾಟ್ ಬಳಸಿದರೆ ದಿನಕ್ಕೆ 2.4, ತಿಂಗಳಿಗೆ 72 ಯೂನಿಟ್. ಯೂನಿಟ್ಟಿಗೆ 6 ರೂಪಾಯಿಯಂತೆ ಹಿಡಿದರೂ ತಿಂಗಳಿಗೆ 432 ರೂಪಾಯಿ, ವರ್ಷಕ್ಕೆ 5184. ಇಷ್ಟು ಹಣ ಉಳಿಸಲು ಕಡಿಮೆ ವಿದ್ಯುತ್ತಿನ ಸಣ್ಣ ಯಂತ್ರ ಕೊಳ್ಳುವುದೇ ಲೇಸೆಂದು ಕೆಲವರಿಗೆ ಅನ್ನಿಸಬಹುದು, ಅದು ತಪ್ಪೂ ಅಲ್ಲ. ಬಿಟ್ಟಿ ಸಿಕ್ಕಿದ್ದೆಲ್ಲ ಅಗ್ಗವಲ್ಲ. ಕಳ್ಳ ಕಂಪ್ಯೂಟರನ್ನೇ ಹೊತ್ತೊಯ್ದರೆ ಸಾಕ್ಷಿಯೂ ಹೋಯಿತು. ಆದ್ದರಿಂದ ಅದನ್ನು ಮರೆಯಲ್ಲಿಡಬೇಕು, ಯುಪಿಎಸ್ ಬೆಂಬಲವನ್ನೂ ಕೊಡಬೇಕು.

ಕಾವಲುಗಾರನನ್ನು ಕಾಯುವವರು ಯಾರು?

2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ, ಕಾರ್ಖಾನೆಯ ಗುಪ್ತಪದವನ್ನು ಬದಲಿಸದೆ ಬಿಟ್ಟಿದ್ದ ಕ್ಯಾಮೆರಾ, ರೆಕಾರ್ಡರುಗಳಿಗೆ ನುಗ್ಗಿತು. ಅಂಥ ಉಪಕರಣಗಳ ದಂಡು ಅಕ್ಟೋಬರ್ 21ರಂದು ಡಿನ್ ಎಂಬ ಕಂಪೆನಿಯ ಮೇಲೆ ಬಿದ್ದಾಗ ಅಮೆರಿಕದಲ್ಲಿ ಅನೇಕರಿಗೆ ಟ್ವಿಟರ್, ನೆಟ್‌ಫ್ಲಿಕ್ಸ್ ಗಂಟೆಗಟ್ಟಲೆ ಸಿಗಲಿಲ್ಲ. ಮಿರಾಯ್ ಬರೆದೆವೆಂದು 2017ರಲ್ಲಿ ತಪ್ಪೊಪ್ಪಿಕೊಂಡ ಮೂವರೂ ಇಪ್ಪತ್ತರ ಆಸುಪಾಸಿನ ಹುಡುಗರು. ಜಾಣತನಕ್ಕೆ ಕೊರತೆಯಿರಲಿಲ್ಲ, ವಿವೇಕಕ್ಕೆ ಇತ್ತು. ಗುಪ್ತಪದ ಬದಲಿಸಿ. ಕ್ಯಾಮೆರಾವನ್ನು ನೇರವಾಗಿ ಇಂಟರ್‌ನೆಟ್ಟಿಗೆ ತೆರೆದಿಡಬೇಡಿ. ಲಿನಕ್ಸನ್ನು ಆಗಾಗ ನವೀಕರಿಸಿ.

ಕೊನೆಯದಾಗಿ ಕ್ಯಾಮೆರಾ ಯಾವ ಕಡೆಗೆ ನೋಡುತ್ತಿದೆ ಎಂಬ ಮಾತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ನಮ್ಮ ಗೇಟಿನ ಕಡೆ ತಿರುಗಿದ ಕಣ್ಣು ಪಕ್ಕದ ಮನೆಯ ಕಿಟಕಿಯೊಳಗೂ ಇಣುಕುತ್ತಿದ್ದರೆ ಅದು ಕಾವಲಲ್ಲ. ಮಕ್ಕಳು ಓದುವ ಕೋಣೆಗೂ ಅದೇ ಮಾತು ಅನ್ವಯಿಸುತ್ತದೆ. ಕ್ಯಾಮೆರಾವನ್ನು ಎಲ್ಲಿ ಇಡಬೇಕು, ಎಲ್ಲಿ ಇಡಬಾರದು ಎಂಬುದನ್ನು ಮನೆಮಂದಿಯೆಲ್ಲ ಕುಳಿತು ಮಾತಾಡಿ ತೀರ್ಮಾನಿಸಲಿ. ಆಮೇಲೆ ಮೂಲೆಯ ಯಂತ್ರದ ಧೂಳು ಕೊಡವಿ, ಲೆಕ್ಕದ ಪುಸ್ತಕ ತೆರೆಯಬಹುದು.