ತಂತ್ರಾಂಶದ ಹಿಂದೆ ಓಡುವ ಕೈಪಿಡಿ

ಪತ್ರ ಬರೆಯಲು, ಲೆಕ್ಕಪತ್ರ ಇಡಲು, ಸಮಾರಂಭದ ಆಹ್ವಾನಪತ್ರಿಕೆ ರೂಪಿಸಲು ಇಂದು ಅನೇಕರು ಲಿಬ್ರೆಆಫೀಸ್ ಎಂಬ ಮುಕ್ತ ತಂತ್ರಾಂಶವನ್ನು ಬಳಸುತ್ತಾರೆ. ಅದು ಉಚಿತವಾಗಿ ದೊರೆಯುತ್ತದೆಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಅದರ ಬಳಕೆಯನ್ನು ಕಲಿಸುವ ಕೈಪಿಡಿಗಳು ಬಹುಮಟ್ಟಿಗೆ ಸ್ವಯಂಸೇವಕರ ಬಿಡುವಿನ ವೇಳೆಯ ಫಲ ಎಂಬುದನ್ನು ಬಲ್ಲವರು ಕಡಿಮೆ.

ಇದರ ಪೂರ್ವೇತಿಹಾಸವನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಜರ್ಮನಿಯಲ್ಲಿ ರೂಪುಗೊಂಡ ಸ್ಟಾರ್‌ಆಫೀಸ್ ತಂತ್ರಾಂಶವನ್ನು 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕೊಂಡುಕೊಂಡಿತು. 2000ದಲ್ಲಿ ಅದರ ಮೂಲ ಸಂಕೇತವನ್ನು ಸಾರ್ವಜನಿಕರಿಗೆ ತೆರೆದಿಟ್ಟಿತು. ಓಪನ್‌ಆಫೀಸ್ ಜನಿಸಿದ್ದು ಹೀಗೆ. 2010ರಲ್ಲಿ ಸನ್ ಸಂಸ್ಥೆ ಒರಾಕಲ್‌ನ ವಶವಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹಲವು ಕಾರ್ಯಕರ್ತರು ಬೇರ್ಪಟ್ಟು, ಡಾಕ್ಯುಮೆಂಟ್ ಫೌಂಡೇಶನ್ ಮೂಲಕ ಲಿಬ್ರೆಆಫೀಸನ್ನು ಆರಂಭಿಸಿದರು. ಹಳೆಯ ಕೈಪಿಡಿಗಳು ಮುಕ್ತ ಪರವಾನಗಿಯಲ್ಲಿದ್ದುದರಿಂದ ಹೊಸ ಬಳಗಕ್ಕೆ ಅವೇ ಆಧಾರವಾದವು. ಆದರೂ ಅಧ್ಯಾಯ ಅಧ್ಯಾಯಗಳಲ್ಲಿಯೂ ಹೆಸರು ಬದಲಿಸಿ, ಚಿತ್ರಗಳನ್ನು ಹೊಸದಾಗಿ ಸೇರಿಸಿ, ಸೂಚನೆಗಳನ್ನು ಮರಳಿ ಪರೀಕ್ಷಿಸುವ ಕೆಲಸ ತಪ್ಪಲಿಲ್ಲ.

ಆ ಕೆಲಸ ಇಂದಿಗೂ ಮುಗಿದಿಲ್ಲ. ಲಿಬ್ರೆಆಫೀಸ್‌ನ ಪ್ರಮುಖ ಆವೃತ್ತಿಗಳು ವರ್ಷಕ್ಕೆ ಎರಡು ಬಾರಿ ಹೊರಬರುತ್ತವೆ. ರೈಟರ್, ಕ್ಯಾಲ್ಕ್, ಇಂಪ್ರೆಸ್, ಡ್ರಾ, ಬೇಸ್, ಮ್ಯಾತ್ ಎಂಬ ವಿಭಾಗಗಳಿಗೆಲ್ಲ ಬೇರೆ ಬೇರೆ ಕೈಪಿಡಿಗಳಿವೆ. ಒಂದು ಮೆನುವಿನ ಹೆಸರು ಬದಲಾದರೂ ಅದು ಬರುವ ಪ್ರತಿಯೊಂದು ಪುಟವನ್ನೂ ಹುಡುಕಿ ತಿದ್ದಬೇಕು. ಅಲ್ಲಿನ ತೆರೆಯ ಚಿತ್ರವನ್ನೂ ಬದಲಿಸಬೇಕು. ಸಾಲದುದಕ್ಕೆ, ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ 'ಟೂಲ್ಸ್' ಮೆನುವಿನಲ್ಲಿ ಸಿಗುವ 'ಆಪ್ಷನ್ಸ್' ಎಂಬುದು ಮ್ಯಾಕ್ ಗಣಕದಲ್ಲಿ ಬೇರೊಂದು ಕಡೆ, ಬೇರೊಂದು ಹೆಸರಿನಲ್ಲಿ ಇರುತ್ತದೆ. ಒಂದು ಪುಸ್ತಕ ಸಿದ್ಧವಾಗುವಷ್ಟರಲ್ಲಿ ಮುಂದಿನ ಆವೃತ್ತಿ ಬಾಗಿಲಲ್ಲಿ ನಿಂತಿರುತ್ತದೆ.

ಜನಬಲದ ಕೊರತೆ ಇನ್ನೂ ದೊಡ್ಡದು. ಹೊಸ ಅಧ್ಯಾಯ ಬರೆಯಲು ಉತ್ಸಾಹ ತೋರುವವರು ಸಿಗಬಹುದು. ಇನ್ನೊಬ್ಬರು ಬರೆದುದನ್ನು ಗಣಕದ ಮುಂದೆ ಕುಳಿತು ಹೆಜ್ಜೆ ಹೆಜ್ಜೆಗೂ ಪರಿಶೀಲಿಸುವವರು ವಿರಳ. ಆ ಶ್ರಮ ಯಾರ ಕಣ್ಣಿಗೂ ಬೀಳುವುದಿಲ್ಲ. ನುರಿತ ಸಂಪಾದಕರೊಬ್ಬರು ಉದ್ಯೋಗದ ಒತ್ತಡದಿಂದ ಹಿಂದೆ ಸರಿದರೆ ಅವರ ಅನುಭವವೂ ಅವರೊಡನೆ ಹೋಗುತ್ತದೆ. ಇದರ ಫಲವನ್ನು ಉಣ್ಣುವವನು ಹೊಸ ಬಳಕೆದಾರ. ಪುಸ್ತಕದಲ್ಲಿರುವ ಆಜ್ಞೆ ತೆರೆಯ ಮೇಲೆ ಕಾಣದಿದ್ದಾಗ ಆತ ಕೈಪಿಡಿಯನ್ನು ದೂರುವುದಿಲ್ಲ; ತನಗೇ ಬುದ್ಧಿ ಸಾಲದೆಂದು ಭಾವಿಸಿ ತಂತ್ರಾಂಶವನ್ನೇ ಬಿಟ್ಟುಬಿಡುತ್ತಾನೆ.

ಅನುವಾದಕರ ಪಾಡು ಇದಕ್ಕಿಂತ ಭಿನ್ನವಲ್ಲ. ಲಿಬ್ರೆಆಫೀಸ್‌ನ ಮೆನುಗಳನ್ನು ಕನ್ನಡದಲ್ಲಿಯೂ ನೋಡಬಹುದು. ಆದರೆ ಇಂಗ್ಲಿಷ್ ಮೂಲದ ವಾಕ್ಯ ಬದಲಾದಂತೆಲ್ಲ ಅನುವಾದವನ್ನೂ ತಿದ್ದಬೇಕು. ಕನ್ನಡದ ಮಟ್ಟಿಗೆ ಒಂದೇ ಪದಕ್ಕೆ ಒಬ್ಬರು 'ಕಡತ' ಎಂದೂ ಇನ್ನೊಬ್ಬರು 'ಫೈಲ್' ಎಂದೂ ಬರೆದರೆ ಓದುಗನಿಗೆ ಗೊಂದಲ ತಪ್ಪದು. ಆದ್ದರಿಂದ ಪದಗಳ ಆಯ್ಕೆಯಲ್ಲಿ ಮೊದಲೇ ಒಮ್ಮತ ಬೇಕು.

ಇದಕ್ಕೆ ಬಳಗ ಕಂಡುಕೊಂಡ ಉಪಾಯವೆಂದರೆ ಕೆಲಸವನ್ನು ಅಧ್ಯಾಯಗಳಾಗಿ ಹಂಚಿಕೊಳ್ಳುವುದು. ನೆರವಾಗಲು ಪ್ರೋಗ್ರಾಮಿಂಗ್ ಬಲ್ಲವರೇ ಆಗಬೇಕೆಂದಿಲ್ಲ. ನಿವೃತ್ತ ಶಿಕ್ಷಕರು, ಲೆಕ್ಕಪತ್ರ ಬಲ್ಲವರು, ಶುದ್ಧ ಭಾಷೆ ಬರೆಯಬಲ್ಲ ಗೃಹಿಣಿಯರು ಒಂದೊಂದು ಅಧ್ಯಾಯವನ್ನು ಓದಿ, ಸೂಚನೆಯಂತೆ ಮಾಡಿನೋಡಿ, ತಪ್ಪು ಕಂಡಲ್ಲಿ ತಿಳಿಸಿದರೂ ಅದು ಬೆಲೆಯುಳ್ಳ ಸೇವೆ. ಬಿಡುವುಳ್ಳ ನಮ್ಮ ಕನ್ನಡ ಬಂಧುಗಳು ಈ ಕಡೆಗೂ ಗಮನ ಹರಿಸುವಂತಾಗಲಿ.