ಅಡುಗೆಮನೆಯ ಹೊಗೆ ಕಳೆಯಲು ಸರ್ಕಾರದ ಹಣ: ಎಷ್ಟು, ಯಾರಿಗೆ, ಹೇಗೆ?

ಮನೆಯೊಳಗಿನ ಆರೋಗ್ಯದ ಅಪಾಯ ಎಂದರೆ ಸೊಳ್ಳೆ, ಕೊಳಚೆ ನೀರು, ಇಲಿ ಇವೆಲ್ಲ ಥಟ್ಟನೆ ನೆನಪಾಗುತ್ತವೆ. ಒಲೆಯ ಹೊಗೆ ನೆನಪಾಗುವುದಿಲ್ಲ. ಹುಟ್ಟಿದಾಗಿನಿಂದ ನೋಡಿದ್ದು ಅಪಾಯ ಅನ್ನಿಸುವುದಾದರೂ ಹೇಗೆ? ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ, 2020ರ ಒಂದೇ ವರ್ಷದಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು.

ಹೊಗೆಯಲ್ಲಿ ಅಂಥದ್ದೇನಿದೆ? ಸೌದೆ, ಬೆರಣಿ, ತೆಂಗಿನ ಗರಿ ಅರೆಬರೆ ಉರಿದಾಗ ಬಹಳ ಸಣ್ಣ ಕಣಗಳು ಹುಟ್ಟುತ್ತವೆ. ಇವನ್ನು ಪಿಎಂ 2.5 ಎನ್ನುತ್ತಾರೆ. ಅಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ ಅಳತೆಯ ಕಣಗಳು, ತಲೆಗೂದಲಿನ ದಪ್ಪದ ಸುಮಾರು ಮೂವತ್ತನೆಯ ಒಂದು ಪಾಲು. ಮೂಗು, ಗಂಟಲು ಇವನ್ನು ತಡೆಯಲಾರವು. ನೇರ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ, ಅಲ್ಲಿಂದ ರಕ್ತಕ್ಕೂ ಸೇರುತ್ತವೆ. ನಮ್ಮ ದೇಶದ ಮಾನದಂಡದಂತೆ ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 60 ಮೈಕ್ರೊಗ್ರಾಂ ದಾಟಬಾರದು. ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಸೌದೆ ಉರಿಯುವಾಗ ಇದು ನೂರಾರು ಮೈಕ್ರೊಗ್ರಾಂಗೆ ಏರುತ್ತದೆ. ಮಕ್ಕಳಿಗೆ ನ್ಯುಮೋನಿಯಾ ಬರುತ್ತದೆ. ದೊಡ್ಡವರಿಗೆ ಉಬ್ಬಸ, ಹೃದಯಾಘಾತ, ಪಾರ್ಶ್ವವಾಯು ಬರುತ್ತವೆ. ಊದುಗೊಳವೆ ಹಿಡಿದು ವರ್ಷಗಟ್ಟಲೆ ಒಲೆ ಊದಿದ ಹೆಂಗಸರಿಗೆ ಕಣ್ಣಿನ ಪೊರೆ ಬೇಗ ಬರುವ ಸಂಭವವೂ ಹೆಚ್ಚು.

ಹೊಗೆ ಕೆಟ್ಟದ್ದೆಂದು ಸರ್ಕಾರಗಳಿಗೆ ಗೊತ್ತಾಗಿ ಬಹಳ ಕಾಲವಾಯಿತು. ಕಲ್ಕತ್ತೆಯನ್ನು ಮುತ್ತುತ್ತಿದ್ದ ಕಲ್ಲಿದ್ದಲ ಹೊಗೆ ತಡೆಯಲು 1905ರಲ್ಲೇ ಬಂಗಾಳದಲ್ಲಿ ಹೊಗೆ ಉಪದ್ರವ ಕಾಯ್ದೆ ಬಂದಿತ್ತು. ಆ ಕಾಯ್ದೆಯ ಕಣ್ಣು ಇದ್ದದ್ದು ಕಾರ್ಖಾನೆಗಳ ಚಿಮಣಿಯ ಮೇಲೆ. ಬಸ್ತಿಯ, ಅಂದರೆ ಕೊಳೆಗೇರಿಯ, ಮನೆಗಳಲ್ಲಿ ಹೊತ್ತುತ್ತಿದ್ದ ಕಲ್ಲಿದ್ದಲ ಒಲೆಗೆ ಬದಲಿ ಕೊಡುವ ಮಾತು ಅದರಲ್ಲಿರಲಿಲ್ಲ. ಅಡುಗೆ ಮಾಡುವವಳ ಉಸಿರಿಗಾಗಿ ಖಜಾನೆಯ ಹಣ ಖರ್ಚಾಗಲು ಇನ್ನೂ ಮುಕ್ಕಾಲು ಶತಮಾನ ಹಿಡಿಯಿತು. ಆ ಕಥೆಯಲ್ಲಿ ಕರ್ನಾಟಕದ ಪಾಲು ದೊಡ್ಡದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ತಂಡ ತುಮಕೂರು ಜಿಲ್ಲೆಯ ಉಂಗ್ರದಂಥ ಹಳ್ಳಿಗಳಲ್ಲಿ ಕೆಲಸ ಮಾಡಿತು. ಹೊಗೆಕೊಳವೆಯಿರುವ, ಮೂರು ಪಾತ್ರೆ ಕೂರುವ ಅಸ್ತ್ರ ಒಲೆ ಹುಟ್ಟಿದ್ದು ಅಲ್ಲಿ. ಕೇಂದ್ರ ಸರ್ಕಾರ 1980ರ ದಶಕದಲ್ಲಿ ಸುಧಾರಿತ ಒಲೆಗಳಿಗೆ ಸಹಾಯಧನ ಕೊಡಲು ಆರಂಭಿಸಿ 2002ರಲ್ಲಿ ಆ ಕಾರ್ಯಕ್ರಮ ನಿಲ್ಲಿಸಿತು.

ಇವತ್ತು ಈ ಕೆಲಸಕ್ಕೆ ಇರುವ ಮುಖ್ಯ ಹಣ ಪ್ರಧಾನಮಂತ್ರಿ ಉಜ್ವಲ ಯೋಜನೆಯದು. 2016ರ ಮೇ 1ರಂದು ಉತ್ತರ ಪ್ರದೇಶದ ಬಲ್ಲಿಯಾದಲ್ಲಿ ಆರಂಭವಾಯಿತು. 2021ರ ಆಗಸ್ಟ್‌ನಲ್ಲಿ ಎರಡನೆಯ ಹಂತ ಬಂತು. ದೇಶದಲ್ಲಿ ಈವರೆಗೆ 10 ಕೋಟಿಗೂ ಹೆಚ್ಚು ಮನೆಗಳಿಗೆ ಇದರಡಿ ಅಡುಗೆ ಗ್ಯಾಸ್ ಸಂಪರ್ಕ ಸಿಕ್ಕಿದೆ.

ಏನು ಸಿಗುತ್ತದೆ? ಗ್ಯಾಸ್ ಸಂಪರ್ಕ ಪಡೆಯುವಾಗ ನಾವು ಕಟ್ಟುವ ಸಿಲಿಂಡರಿನ ಠೇವಣಿ, ರೆಗ್ಯುಲೇಟರಿನ ಠೇವಣಿ, ರಬ್ಬರ್ ಪೈಪು, ಗ್ಯಾಸ್ ಪುಸ್ತಕ, ಜೋಡಿಸುವ ಕೂಲಿ ಇಷ್ಟನ್ನೂ ಸರ್ಕಾರ ಭರಿಸುತ್ತದೆ. 2023ರ ಮಂಜೂರಾತಿಯಲ್ಲಿ 14.2 ಕೆ.ಜಿ. ಸಿಲಿಂಡರಿನ ಸಂಪರ್ಕಕ್ಕೆ ಇದು 2,200 ರೂಪಾಯಿ ಇತ್ತು. 5 ಕೆ.ಜಿ.ಯ ಒಂದು ಸಿಲಿಂಡರಾದರೆ 1,300 ರೂಪಾಯಿ. ಮೊದಲ ತುಂಬಿದ ಸಿಲಿಂಡರ್ ಮತ್ತು ಒಲೆಯನ್ನು ತೈಲ ಕಂಪನಿ ಉಚಿತವಾಗಿ ಕೊಡುತ್ತದೆ. ಈ ಹಣ ನಿಮ್ಮ ಕೈಗೆ ಬರುವುದಿಲ್ಲ, ನೇರ ಕಂಪನಿಗೆ ಹೋಗುತ್ತದೆ. ಹಾಗಾಗಿ ಉಜ್ವಲ ಸಂಪರ್ಕಕ್ಕೆಂದು ಯಾರಾದರೂ ಠೇವಣಿ ಕೇಳಿದರೆ ಕೊಡಬೇಡಿ.

ಯಾರಿಗೆ ಸಿಗುತ್ತದೆ? ಸಂಪರ್ಕ ಹೆಂಗಸಿನ ಹೆಸರಿಗೇ. ಆಕೆಗೆ 18 ವರ್ಷ ತುಂಬಿರಬೇಕು, ಮನೆ ಬಡ ಕುಟುಂಬವಾಗಿರಬೇಕು. ಆ ಮನೆಯಲ್ಲಿ ಯಾವುದೇ ಕಂಪನಿಯ ಗ್ಯಾಸ್ ಸಂಪರ್ಕ ಇರಬಾರದು. ಅತ್ತೆಯ ಹೆಸರಲ್ಲಿ ಸಂಪರ್ಕವಿದ್ದು ಸೊಸೆ ಅದೇ ರೇಷನ್ ಕಾರ್ಡಿನಲ್ಲಿದ್ದರೆ ಅರ್ಜಿ ತಿರಸ್ಕಾರವಾಗುತ್ತದೆ. ಬೇರೆ ಒಲೆ ಹೂಡಿದವರು ಮೊದಲು ಕಾರ್ಡು ಬೇರೆ ಮಾಡಿಸಿಕೊಳ್ಳುವುದು ಒಳ್ಳೆಯದು. ಅರ್ಜಿಗೆ ಆಧಾರ್, ರೇಷನ್ ಕಾರ್ಡು, ಕಾರ್ಡಿನಲ್ಲಿರುವ ದೊಡ್ಡವರ ಆಧಾರ್ ಸಂಖ್ಯೆ, ಬ್ಯಾಂಕ್ ಪಾಸ್‌ಬುಕ್ ಬೇಕು. ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತು ಖಚಿತಪಡಿಸುವುದು, ಅದೂ ಆಗಬೇಕು. ಅದಕ್ಕೆ ಶುಲ್ಕವಿಲ್ಲ.

ಊರು ಬಿಟ್ಟು ದುಡಿಯಲು ಹೋದವರ ಗತಿಯೇನು? ಇದು ಬಹಳ ಜನರ ಅನುಮಾನ, ಇದಕ್ಕೆ ಒಳ್ಳೆಯ ಉತ್ತರವಿದೆ. ರಾಯಚೂರಿನಿಂದ ಬೆಂಗಳೂರಿಗೆ ಬಂದ ಕಟ್ಟಡ ಕೂಲಿಯವರಾಗಲಿ, ಕೋಲ್ಕತ್ತದ ಪಾರ್ಕ್ ಸ್ಟ್ರೀಟಿನ ಹೋಟೆಲುಗಳಲ್ಲಿ ದುಡಿಯುತ್ತ ಹತ್ತಿರದ ಬಸ್ತಿಯಲ್ಲಿ ಬಾಡಿಗೆಗಿರುವ ಕುಟುಂಬವಾಗಲಿ, ಎರಡನೆಯ ಹಂತದ ನಿಯಮದಂತೆ ವಿಳಾಸದ ಪುರಾವೆ ಮತ್ತು ರೇಷನ್ ಕಾರ್ಡಿನ ಬದಲು ಸ್ವಯಂಘೋಷಣೆ ಕೊಡಬಹುದು. ಅಂದರೆ ತಮ್ಮ ವಿಳಾಸ, ಕುಟುಂಬದವರ ವಿವರವನ್ನು ನಿಗದಿತ ನಮೂನೆಯಲ್ಲಿ ತಾವೇ ಬರೆದು ಸಹಿ ಹಾಕುವುದು. ಬಾಡಿಗೆ ಕರಾರು ಇಲ್ಲವೆಂದು ಏಜೆನ್ಸಿಯವರು ವಾಪಸು ಕಳಿಸಿದರೆ ಈ ನಮೂನೆಯನ್ನು ಹೆಸರು ಹೇಳಿಯೇ ಕೇಳಿ.

ಅರ್ಜಿ ಹಾಕುವುದು ಹತ್ತಿರದ ಇಂಡೇನ್, ಭಾರತ್ ಗ್ಯಾಸ್ ಅಥವಾ ಎಚ್‌ಪಿ ಏಜೆನ್ಸಿಯಲ್ಲಿ. ಯೋಜನೆಯ ಜಾಲತಾಣದಲ್ಲೂ ಹಾಕಬಹುದು. ಹೊಸ ಸಂಪರ್ಕಗಳನ್ನು ಸರ್ಕಾರ ಕಂತು ಕಂತಾಗಿ ಮಂಜೂರು ಮಾಡುತ್ತದೆ. 2025-26ಕ್ಕೆ 25 ಲಕ್ಷ ಹೆಚ್ಚುವರಿ ಸಂಪರ್ಕ ಕೊಟ್ಟಿತ್ತು. ನೀವು ಹೋದಾಗ ಕಂತು ತೆರೆದಿದೆಯೇ ಎಂದು ಮೊದಲು ವಿಚಾರಿಸಿ.

ಈಗ ಕಷ್ಟದ ಭಾಗಕ್ಕೆ ಬರೋಣ. ಸಂಪರ್ಕ ಬಂದ ಮಾತ್ರಕ್ಕೆ ಹೊಗೆ ಹೋಗುವುದಿಲ್ಲ. ಎರಡನೆಯ ಸಿಲಿಂಡರಿನಿಂದ ದುಡ್ಡು ನಿಮ್ಮದೇ. ಪೂರ್ತಿ ಗ್ಯಾಸಿನಲ್ಲೇ ಅಡುಗೆ ಮಾಡಿದರೆ ನಾಲ್ಕೈದು ಜನರ ಮನೆಗೆ ಒಂದು ಸಿಲಿಂಡರ್ ಒಂದೂವರೆ ತಿಂಗಳು ಬಂದರೆ ಹೆಚ್ಚು. ವರ್ಷಕ್ಕೆ ಎಂಟು ಬೇಕು. ಉಜ್ವಲ ಮನೆಗಳು ತುಂಬಿಸುತ್ತಿದ್ದದ್ದು 2019-20ರಲ್ಲಿ ಸರಾಸರಿ 3, 2024-25ರಲ್ಲಿ ಸುಮಾರು ನಾಲ್ಕೂವರೆ. ಅಂದರೆ ಅರ್ಧ ಅಡುಗೆ ಇನ್ನೂ ಸೌದೆಯ ಮೇಲೇ ಬೇಯುತ್ತಿದೆ.

ಇದಕ್ಕಾಗಿಯೇ ಸಬ್ಸಿಡಿ. 2022ರ ಮೇ ತಿಂಗಳಿಂದ ಸಿಲಿಂಡರಿಗೆ 200 ರೂಪಾಯಿ ಇತ್ತು, 2023ರ ಅಕ್ಟೋಬರಿನಿಂದ 300 ಆಯಿತು. 2025-26ರ ಸಾಲಿಗೆ ವರ್ಷಕ್ಕೆ ಒಂಬತ್ತು ಸಿಲಿಂಡರಿನವರೆಗೆ ಇದು ಅನ್ವಯ. ಒಂಬತ್ತನ್ನೂ ತೆಗೆದುಕೊಂಡವರಿಗೆ 2,700 ರೂಪಾಯಿ ವಾಪಸು ಬರುತ್ತದೆ. ಆದರೆ ಮೊದಲು ಪೂರ್ತಿ ಬೆಲೆ ಕೊಟ್ಟು ಸಿಲಿಂಡರ್ ಇಳಿಸಿಕೊಳ್ಳಬೇಕು, ಹಣ ಖಾತೆಗೆ ಬೀಳುವುದು ಆಮೇಲೆ. ದಿನಗೂಲಿಯ ಮನೆಯಲ್ಲಿ ಅಷ್ಟು ದುಡ್ಡು ಒಂದೇ ಸಲ ಎಲ್ಲಿಂದ ಬರಬೇಕು? ಈ ಯೋಜನೆಯ ದೊಡ್ಡ ಕೊರತೆ ಇದೇ ಎಂದು ನನಗೆ ಅನ್ನಿಸುತ್ತದೆ. ಸಬ್ಸಿಡಿ ಕಳೆದು ಉಳಿದ ಬೆಲೆಯನ್ನಷ್ಟೇ ಬಾಗಿಲಲ್ಲಿ ಕೇಳಿದ್ದರೆ ಎಷ್ಟೋ ಒಲೆಗಳು ಆರುತ್ತಿದ್ದವು.

ಅಲ್ಲಿಯವರೆಗೆ ಒಂದು ದಾರಿಯಿದೆ. ಉಜ್ವಲ ಸಂಪರ್ಕದವರು 14.2 ಕೆ.ಜಿ. ಸಿಲಿಂಡರನ್ನು ಕೊಟ್ಟು 5 ಕೆ.ಜಿ.ಯದಕ್ಕೆ ಬದಲಾಯಿಸಿಕೊಳ್ಳಬಹುದು. ಒಂದು ಸಲಕ್ಕೆ ಕೊಡುವ ಹಣ ಮೂರನೆಯ ಒಂದರಷ್ಟಾಗುತ್ತದೆ, ಸಬ್ಸಿಡಿಯೂ ತೂಕಕ್ಕೆ ತಕ್ಕಂತೆ ಬರುತ್ತದೆ. ವಾರದ ಬಟವಾಡೆಯಲ್ಲಿ ಬದುಕುವವರಿಗೆ ಇದೇ ಸರಿ.

ಸಿಲಿಂಡರ್ ಬಂದಾಗ ಬಿಲ್ಲಿನಲ್ಲಿರುವಷ್ಟೇ ಕೊಡಿ, ಮನೆಗೆ ತಲುಪಿಸುವ ಕೂಲಿ ಅದರಲ್ಲೇ ಸೇರಿರುತ್ತದೆ. ತೂಕ ಮಾಡಿಸಿ. ಖಾಲಿ ಸಿಲಿಂಡರಿನ ತೂಕ ಅದರ ಮೇಲೇ ಬರೆದಿರುತ್ತದೆ, ಅದಕ್ಕೆ 14.2 ಕೂಡಿಸಿದರೆ ಲೆಕ್ಕ ಸರಿಹೋಗಬೇಕು. ಸೀಲು ತೆಗೆದು ಒಳಗಿನ ರಬ್ಬರ್ ಉಂಗುರ ಸರಿಯಿದೆಯೇ ಎಂದು ಅವರ ಕೈಲೇ ನೋಡಿಸಿ. ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಿ.

ದನಕರು ಇರುವವರಿಗೆ ಇನ್ನೊಂದು ಅನುದಾನವಿದೆ, ಗೋಬರ್ ಗ್ಯಾಸಿಗೆ. 2022ರಲ್ಲಿ ಬಂದ ರಾಷ್ಟ್ರೀಯ ಜೈವಿಕ ಇಂಧನ ಕಾರ್ಯಕ್ರಮದಲ್ಲಿ ನಮ್ಮ ಕಡೆಯ ಸಾಮಾನ್ಯ ವರ್ಗದವರಿಗೆ ಕೇಂದ್ರದ ಪಾಲು 1 ಘನ ಮೀಟರ್ ಘಟಕಕ್ಕೆ 9,800 ರೂಪಾಯಿ, 2ರಿಂದ 4 ಘನ ಮೀಟರಿಗೆ 14,350 ರೂಪಾಯಿ ಎಂದು ನಿಗದಿಯಾಗಿತ್ತು. 2 ಘನ ಮೀಟರಿಗೆ ದಿನಕ್ಕೆ ಸುಮಾರು 50 ಕೆ.ಜಿ. ಸಗಣಿ ಬೇಕು. ಕೊಟ್ಟಿಗೆಯಲ್ಲಿ ನಾಲ್ಕೈದು ರಾಸು ಇದ್ದರೆ ಸಾಕು, ಮನೆಯ ಅಡುಗೆ ಸಾಗುತ್ತದೆ. ಗುಂಡಿಯಿಂದ ಹೊರಬರುವ ಬಗ್ಗಡ ಗದ್ದೆ ತೋಟಕ್ಕೆ ಒಳ್ಳೆಯ ಗೊಬ್ಬರ. ಈ ವರ್ಷದ ದರ, ಅರ್ಜಿ ಎರಡನ್ನೂ ತಾಲ್ಲೂಕು ಪಂಚಾಯಿತಿಯಲ್ಲಿ ಕೇಳಿ. ಗುಂಡಿ ತೋಡುವ ಮೊದಲೇ ಮಂಜೂರಾತಿ ಪಡೆಯಿರಿ.

ಅಡುಗೆ ಗ್ಯಾಸಿಗೆ ಬಂದ ಮನೆಯಲ್ಲೂ ಬಚ್ಚಲ ಹಂಡೆ ಒಲೆ ಸೌದೆಯಲ್ಲೇ ಉರಿಯುತ್ತಿರುತ್ತದೆ. ಮೀಯುವ ನೀರಿಗೆ ಸಿಲಿಂಡರ್ ಖರ್ಚು ಮಾಡಿ ಎಂದು ನಾನು ಹೇಳಲಾರೆ. ಅದಕ್ಕೊಂದು ಹೊಗೆಕೊಳವೆ ಕೂರಿಸಿ, ಕೊಳವೆಯ ತುದಿ ಮಾಡಿನ ನೆತ್ತಿಗಿಂತ ಮೇಲಿರಲಿ. ಒಣಗಿದ ಸೌದೆಯನ್ನೇ ಹಾಕಿ. ಚಳಿಗೆಂದು ಕೆಂಡವನ್ನು ಮುಚ್ಚಿದ ಕೋಣೆಯಲ್ಲಿ ಇಟ್ಟು ಮಲಗಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣ, ವಾಸನೆ ಎರಡೂ ಇಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ.

ಸಬ್ಸಿಡಿ ಬರುತ್ತಿಲ್ಲವೇ? ಬಹಳ ಸಲ ಕಾರಣ ಒಂದೇ. ಆಧಾರ್ ಜೋಡಣೆ ಬೇರೆ ಯಾವುದೋ ಹಳೆಯ ಖಾತೆಗೆ ಆಗಿರುತ್ತದೆ, ಹಣ ಅಲ್ಲಿಗೆ ಹೋಗಿ ಬೀಳುತ್ತಿರುತ್ತದೆ. ಬ್ಯಾಂಕಿನಲ್ಲಿ ‘ನನ್ನ ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ?’ ಎಂದು ಕೇಳಿ. ಅದು ಸರಿಯಿದ್ದರೆ ಏಜೆನ್ಸಿಯಲ್ಲಿ ಇ-ಕೆವೈಸಿ ಆಗಿದೆಯೇ ನೋಡಿಸಿ. ಆಗಲೂ ಬಗೆಹರಿಯದಿದ್ದರೆ ಉಜ್ವಲ ಸಹಾಯವಾಣಿ 1800-266-6696ಕ್ಕೆ ಕರೆ ಮಾಡಿ, ಕರೆ ಉಚಿತ. ಅನಿಲ ಸೋರುತ್ತಿದ್ದರೆ ಮಾತ್ರ ಆ ಸಂಖ್ಯೆ ಬೇಡ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ದೀಪದ ಸ್ವಿಚ್ ಮುಟ್ಟದೆ ಎಲ್ಲರೂ ಹೊರಗೆ ಬಂದು 1906ಕ್ಕೆ ಕರೆ ಮಾಡಿ. ಅದು ಹಗಲು ರಾತ್ರಿ ಕೆಲಸ ಮಾಡುತ್ತದೆ.