ಪರದೆಯ ಮೇಲೆ ದಾರಿ ತೋರಿಸುವ ದನಿ

ಕನ್ನಡದಲ್ಲಿ ಸಂಶೋಧನೆಗೆ ಇಳಿಯುವವರಿಗೆ ಸಿಗುವ ಮೊದಲ ಸಲಹೆ, ‘ಶೋಧಗಂಗಾ ನೋಡಿ’. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಈ ಭಂಡಾರದಲ್ಲಿ ದೇಶದ ನೂರಾರು ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳಿವೆ, ದುಡ್ಡು ಕೊಡಬೇಕಿಲ್ಲ. ಆದರೆ ಹುಡುಕಲು ಕುಳಿತರೆ ಕಷ್ಟ ಶುರು. ಎಷ್ಟೋ ಕನ್ನಡ ಪ್ರಬಂಧಗಳ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿದೆ, ಕಾಗುಣಿತ ಒಬ್ಬೊಬ್ಬರದು ಒಂದೊಂದು ಥರ. ಹೆಸರು ಸಿಕ್ಕಿದರೂ ಪ್ರಬಂಧ ಇಡಿಯಾಗಿ ತೆರೆದುಕೊಳ್ಳುವುದಿಲ್ಲ. ಮುಖಪುಟ, ಪ್ರಮಾಣಪತ್ರ, ಒಂದೊಂದು ಅಧ್ಯಾಯ ಎಲ್ಲವೂ ಬೇರೆ ಬೇರೆ ಪಿಡಿಎಫ್.

ಗ್ರಂಥಪಾಲಕರು ಪಕ್ಕದಲ್ಲಿ ಕೂತು ತೋರಿಸಿದರೆ ಇದು ಸಲೀಸು. ಎಲ್ಲರ ಪಕ್ಕದಲ್ಲೂ ಕೂರಲಾಗದು. ಅದಕ್ಕೇ ಕಂಪ್ಯೂಟರ್ ಪರದೆಯನ್ನು ರೆಕಾರ್ಡ್ ಮಾಡುತ್ತ, ಮಾತಾಡುತ್ತ ತೋರಿಸುವ ಪುಟ್ಟ ವಿಡಿಯೊಗಳು ನಮ್ಮ ಗ್ರಂಥಾಲಯಗಳಿಗೆ ತುರ್ತಾಗಿ ಬೇಕು. ಅವು ಕನ್ನಡದಲ್ಲೇ ಬೇಕು. ಓದುಗರ ಸಮಯ ಉಳಿಸಬೇಕೆಂಬುದು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಗಳಿಗೆ ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು.

ಸಲಕರಣೆಗೆ ಖರ್ಚಿಲ್ಲ. ಪರದೆ ರೆಕಾರ್ಡ್ ಮಾಡುವ ಒಬಿಎಸ್ ಸ್ಟುಡಿಯೊ ಉಚಿತ ತಂತ್ರಾಂಶ. ಆಂಡ್ರಾಯ್ಡ್ 11ರಿಂದೀಚೆಗೆ ಫೋನಿನಲ್ಲೇ ಈ ಸೌಲಭ್ಯವಿದೆ. ಶ್ರಮವೆಲ್ಲ ಮಾತಿನದು. ತಾಣದ ಪರಿಚಯ, ಧ್ಯೇಯೋದ್ದೇಶ, ಸ್ವಾಗತ ಭಾಷಣ ಯಾವುದೂ ಬೇಡ. ಕೌಂಟರಿನಲ್ಲಿ ಕೇಳುವ ಒಂದು ಪ್ರಶ್ನೆಗೆ ಒಂದು ವಿಡಿಯೊ: ‘ಕನ್ನಡ ಪ್ರಬಂಧ ಹುಡುಕೋದು ಹೇಗೆ ಸಾರ್?’ ಉತ್ತರವೂ ಅದೇ ಧಾಟಿಯಲ್ಲಿರಲಿ: ‘ಹೆಸರು ಟೈಪ್ ಮಾಡಿ ಸಿಗಲಿಲ್ವಾ? ವಿಶ್ವವಿದ್ಯಾಲಯ ಆರಿಸಿ, ಅದರೊಳಗೆ ಕನ್ನಡ ವಿಭಾಗಕ್ಕೆ ಹೋಗಿ. ಪಟ್ಟಿ ಬರುತ್ತೆ.’ ಈ ಮಾತನ್ನು ಮೊದಲೇ ಬರೆದು, ಗಟ್ಟಿಯಾಗಿ ಓದಿ, ತೊಡರುವ ಕಡೆ ತಿದ್ದಿಕೊಂಡರೆ ಅರ್ಧ ಕೆಲಸ ಮುಗಿಯಿತು. ಹೇಳುವ ಜಾಗಕ್ಕೇ ಮೌಸ್ ಹೋಗಬೇಕು, ಹೇಳುವಷ್ಟು ಹೊತ್ತು ಅಲ್ಲೇ ನಿಲ್ಲಬೇಕು. ಸುಮ್ಮನೆ ಸುತ್ತುವ ಬಾಣದಷ್ಟು ಕಣ್ಣನ್ನು ದಣಿಸುವುದು ಇನ್ನೊಂದಿಲ್ಲ.

ಹೇಳಿದ್ದನ್ನೇ ಪರದೆ ತುಂಬ ಬರೆದು ತೋರಿಸಿದರೆ ಕಲಿಕೆ ಕುಂದುತ್ತದೆ ಎಂದು ಮನೋವಿಜ್ಞಾನಿ ರಿಚರ್ಡ್ ಮೇಯರ್ ಪ್ರಯೋಗಗಳಿಂದ ತೋರಿಸಿದ್ದಾರೆ. ಕಿವಿ ಕೇಳದವರಿಗೆ ಮಾತ್ರ ಅಡಿಬರಹ ಬೇಕೇ ಬೇಕು. ಬೇಕಾದವರು ಹಾಕಿಕೊಳ್ಳುವಂತೆ ಅದನ್ನು ಬೇರೆಯಾಗಿ ಸೇರಿಸುವುದು ಸರಿ. ಇನ್ನು ಉದ್ದದ ವಿಷಯ: ಆನ್‌ಲೈನ್ ಕಲಿಕಾ ತಾಣ ಎಡೆಕ್ಸ್‌ನ ಪಾಠಗಳ ಬಗ್ಗೆ 2014ರಲ್ಲಿ ಬಂದ ಅಧ್ಯಯನ, ಆರು ನಿಮಿಷ ದಾಟಿದ ವಿಡಿಯೊಗಳಲ್ಲಿ ನೋಡುಗರ ಗಮನ ಇಳಿಯುವುದನ್ನು ಗುರುತಿಸಿತು. ನಮ್ಮ ಕೆಲಸಕ್ಕೆ ಎರಡು ನಿಮಿಷ ಧಾರಾಳ. ಚಿಕ್ಕದಾಗಿದ್ದರೆ ಇನ್ನೊಂದು ಅನುಕೂಲವೂ ಉಂಟು: ತಾಣದ ವಿನ್ಯಾಸ ಬದಲಾದಾಗ ಆ ಒಂದು ತುಣುಕನ್ನಷ್ಟೇ ಹೊಸದಾಗಿ ಮಾಡಿ, ವಿಭಾಗದ ವಾಟ್ಸ್‌ಆ್ಯಪ್ ಗುಂಪಿಗೆ ಅಂದೇ ಕಳಿಸಬಹುದು.